ಪರಸ್ಥಾನಕ್ಕೆ ಇಟ್ಟ ಕಾಲು

ಮತ್ತೆ ಅದೇ ನೊಣ, ಹೆಬ್ಬೆರಳ ಮೇಲೆ ಕೂತಿತು, ಅಲ್ಲಿಂದ ಎದ್ದು ಕಿರುಬೆರಳಿಗೆ, ಕಾಲು ಕೊಡವಿದರೆ ಹೋದೀತು, ಆದರೆ ಕೊಡವುವುದು ಹೇಗೆ, ಕಾಲು ಕಿಟಕಿಯ ಸರಳುಗಳಾಚೆ ಈಶ್ವರಕ್ಕನ ನಡುಮನೆಯಲ್ಲಿ ಮಣೆಯ ಮೇಲಿದೆ, ನಾನು ಈಚೆ ಅವಳ ಜಗಲಿಯ ಮೇಲೆ ಕೂತಿದ್ದೇನೆ, ನಡುವೆ ಒಂದು ಬೀಗ. ಒಳಗೆ ಕದಿಯಲು ಏನಿದೆ ಎಂದು ಇಷ್ಟು ದೊಡ್ಡ ಬೀಗ ಜಡಿದು ಹೋದಳೋ ಮಹರಾಯಿತಿ, ಎರಡು ಚೊಂಬು, ಒಂದು ರೇಡಿಯೋ, ಮತ್ತೆ ನನ್ನ ಕಾಲು. ಅವ್ವ ಅದಕ್ಕೆ ಅರಿಶಿನ ಬಳಿದಿದ್ದಾಳೆ, ರಬ್ಬರಿನ ಪಾದಕ್ಕೆ, ಬೆರಳ ಸಂದಿಯನ್ನೂ ಬಿಡದೆ, ಮೇಲೊಂದು ಕುಂಕುಮದ ಬೊಟ್ಟು, ಪಕ್ಕದಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ರವಿಕೆ ಕಣ, ಹಸೆಗೆ ಕೂರಿಸಿದ ಹಾಗೆ ಕೂರಿಸಿದ್ದಾಳೆ, ಹಸೆಗೆ ಕೂರುವ ಯೋಗ ನನಗಂತೂ ಬರಲಿಲ್ಲ, ನನ್ನ ಕಾಲಿಗಾದರೂ ಬಂತು. ಬೆಳಿಗ್ಗೆ ಎದ್ದು, ಅವ್ವ, ನನ್ನ ಹೊಸ ಕಾಲೆಲ್ಲಿ ಎಂದರೆ ಒಲೆ ಊದುತ್ತಿದ್ದವಳು ತಿರುಗಿಯೂ ನೋಡದೆ, ಅದು ನಿನ್ನೇನೇ ಹೊಂಟೈತೆ ಕಣೇ ಅಂದಳು. ಹೊರಟಿದೆಯಂತೆ. ಎಲ್ಲಿಗೆ, ಇಂಗ್ಲೆಂಡಿಗೆ, ಅಂಗವಿಕಲರ ಕ್ರೀಡಾಕೂಟಕ್ಕೆ. ನಾನು ಇನ್ನೂ ಹಲ್ಲುಜ್ಜಿಲ್ಲ, ನನ್ನ ಕಾಲು ಆಗಲೇ ಇಂಗ್ಲೆಂಡಿಗೆ ಹೊರಟಾಗಿದೆ — ಇವತ್ತು ಗುರುವಾರ, ಗುರುವಾರ ದಕ್ಷಿಣಕ್ಕೆ ವಾರಶೂಲೆ, ಆ ದಿಕ್ಕಿಗೆ ಹೊರಡುವಂತಿಲ್ಲ, ಬೆಂಗಳೂರು ದಕ್ಷಿಣಕ್ಕಿದೆಯಂತೆ, ಅಲ್ಲಿಂದ ವಿಮಾನ ಯಾವ ದಿಕ್ಕಿಗೆ ಹಾರಿದರೂ ಅವ್ವನಿಗೆ ಚಿಂತೆಯಿಲ್ಲ, ಕಡೂರಿನ ಹೊಸ್ತಿಲು ದಾಟುವುದಷ್ಟೇ ಅವಳ ಲೆಕ್ಕ. ಬುಧವಾರವೇ ಹೊರಡೋಣವೆಂದರೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಜೆ ಕೊಡಲಿಲ್ಲ, ನಾಳೆ ಶುಕ್ರವಾರ ಬೆಂಗಳೂರಲ್ಲಿ ತಂಡದ ಜೊತೆ ಇರದಿದ್ದರೆ ವಿಮಾನ ನನ್ನನ್ನು ಬಿಟ್ಟು ಹಾರುತ್ತದೆ, ಅದಕ್ಕೇ ಅವ್ವ ನಿನ್ನೆ ನಾನು ಹಳೇ ಕಾಲಲ್ಲಿ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಪರಸ್ಥಾನ ಇಟ್ಟು ಬಂದಿದ್ದಾಳೆ. ಇಡಲಿ, ಯಾರು ಬೇಡ ಎಂದರು, ಹೊರಡುವ ದಿನ ಸರಿಯಿಲ್ಲದಿದ್ದರೆ ಒಳ್ಳೆಯ ದಿನ ನೋಡಿ ಹೋಗುವವರ ಒಂದು ಬಟ್ಟೆಯನ್ನೋ ಚೀಲವನ್ನೋ ದಾರಿಯಲ್ಲಿರುವ ಒಬ್ಬರ ಮನೆಯಲ್ಲಿ ಇಟ್ಟುಬಿಡುವುದು, ಅಲ್ಲಿಗೆ ಪ್ರಯಾಣ ಶುರುವಾದಂತೆ, ಮರುದಿನ ಹೋಗುವಾಗ ಎತ್ತಿಕೊಂಡು ಹೋಗುವುದು, ವಾರಶೂಲೆಯ ಕಣ್ಣಿಗೆ ಮಣ್ಣು. ಎಲ್ಲರೂ ಸೀರೆ ಇಡುತ್ತಾರೆ, ಪಂಚೆ ಇಡುತ್ತಾರೆ, ಟವಲು ಇಡುತ್ತಾರೆ. ಕಾಲು ಇಟ್ಟವರನ್ನು ಕಡೂರು ತಾಲ್ಲೂಕಿನಲ್ಲಿ ಯಾರಾದರೂ ಕಂಡಿದ್ದಾರೆಯೇ.

ಸ್ಟೇಷನ್ ರಸ್ತೆಯಲ್ಲಿ ಈಶ್ವರಕ್ಕನ ಮನೆಯೇ ಕೊನೆಯದು, ಇಲ್ಲಿಂದ ಪ್ಲಾಟ್‌ಫಾರ್ಮು ಕಾಣುತ್ತದೆ, ಜಾಗವೇನೋ ಚೆನ್ನಾಗಿಯೇ ಆರಿಸಿದ್ದಾಳೆ ಅವ್ವ, ಆದರೆ ಈಶ್ವರಕ್ಕನ ತಂಗಿ ಲಿಂಗದಹಳ್ಳಿಯಲ್ಲಿ ನಿನ್ನೆ ರಾತ್ರಿಯೇ ಹೆರಬೇಕಿತ್ತೇ, ಇವಳು ಮೊದಲ ಬಸ್ಸಿಗೇ ಓಡಬೇಕಿತ್ತೇ, ಗಂಡ ಲಕ್ಷ್ಮಣಪ್ಪ ರೈಲ್ವೆ ಗ್ಯಾಂಗಿನವನು, ಹಳಿ ರಿಪೇರಿಗೆಂದು ಅಜ್ಜಂಪುರದ ಕಡೆ ಹೋಗಿ ಟೆಂಟು ಹೊಡೆದು ಕೂತಿದ್ದಾನೆ, ಮನೆಗೆ ಇರುವುದೊಂದೇ ಬೀಗದಕೈ. ನಾನು ಸುಮ್ಮನಿದ್ದೆನೇ, ಇಲ್ಲ, ಊರಿನವರಿಗೆಲ್ಲ ಟ್ರಂಕ್ ಕಾಲ್ ಜೋಡಿಸಿ ಕೊಡುವವಳು ನಾನು, ಹಳೇ ಕಾಲು ಕಟ್ಟಿಕೊಂಡು ಎಕ್ಸ್‌ಚೇಂಜಿಗೆ ಹೋಗಿ ನನ್ನ ಕಾಲಿಗಾಗಿ ನಾನೇ ಟ್ರಂಕ್ ಕಾಲ್ ಹಾಕಿದೆ, ತರೀಕೆರೆಯ ಆಪರೇಟರು, ಏನ್ರೀ ಹುಲಿಗೆಮ್ಮ, ಇವತ್ತು ಫಾರಿನ್ ಅಲ್ವೇನ್ರೀ ಅಂದ, ಹೌದಪ್ಪ ಫಾರಿನ್ನು, ಮೊದಲು ಲಿಂಗದಹಳ್ಳಿ ಕೊಡು ಅಂದೆ, ಲಿಂಗದಹಳ್ಳಿ ಪೋಸ್ಟಾಫೀಸಿನವರು ಯಾರನ್ನೋ ಓಡಿಸಿ ಅವಳನ್ನು ಕರೆಸುವ ತನಕ ಕಿವಿಯಲ್ಲಿ ಬರೀ ಗೊರಗೊರ, ಆಮೇಲೆ ಈಶ್ವರಕ್ಕ, ಗಂಡು ಮಗು ಕಣೇ ಹುಲಿಗೀ, ಥೇಟ್ ಅವರಪ್ಪನಂಗೇ ಐತೆ. ಬೀಗದಕೈ ಅಕ್ಕಾ, ಬೀಗದಕೈ. ಅಯ್ಯೋ ನನ್ ಸೊಂಟದಾಗೇ ಐತಲ್ಲೇ, ಸಂಜೆ ಬಸ್ಸಿಗೆ ಕೊಟ್ ಕಳಿಸ್ತೀನಿ ಬಿಡು. ಸಂಜೆ ಬಸ್ಸು ಕಡೂರು ಮುಟ್ಟುವ ಹೊತ್ತಿಗೆ ನನ್ನ ರೈಲು ಅರಸೀಕೆರೆ ದಾಟಿರುತ್ತದೆ. ಎದುರಿಗೆ ಸ್ಟೇಷನ್ನಿನಲ್ಲಿ ರೇವಣಪ್ಪ ಮೇಷ್ಟ್ರು ಟಿಕೆಟ್ಟು ಹಿಡಿದುಕೊಂಡು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದಾರೆ, ಹೈಸ್ಕೂಲಿನಲ್ಲಿ ನನಗೆ ಗುಂಡು ಎಸೆಯಲು ಕಲಿಸಿದ ಡ್ರಿಲ್ ಮೇಷ್ಟ್ರು, ರಿಟೈರಾದರೂ ಸೀಟಿ ಕೊರಳಲ್ಲೇ ಇದೆ, ಈಗ ತಾನೇ ಬಂದು ಹೇಳಿ ಹೋದರು, ಹಳೇ ಕಾಲಲ್ಲೇ ನಡಿಯಮ್ಮ, ಅಲ್ಲಿ ಹೋದ್ಮೇಲೆ ಏನಾರ ವ್ಯವಸ್ಥೆ ಆಯ್ತದೆ. ಏನು ವ್ಯವಸ್ಥೆ ಆಗುತ್ತದೆ ಸಾರ್, ಈ ಹಳೇ ಕಾಲನ್ನು ನೀವೇ ನೋಡಿದ್ದೀರಿ, ತರೀಕೆರೆಯ ಬಡಗಿ ಮಾಡಿದ ಮರದ ಕಾಲು, ಮಂಡಿಯ ಕೆಳಗೆ ಸೀಳು ಬಿಟ್ಟು ತಂತಿ ಬಿಗಿದದ್ದು, ನಡೆದರೆ ಕಿರ್ ಎನ್ನುತ್ತದೆ, ದೂರದಿಂದಲೇ ಹುಲಿಗೆಮ್ಮ ಬಂದಳೆಂದು ಬೀದಿಗೆಲ್ಲ ಗೊತ್ತಾಗುತ್ತದೆ. ಗುಂಡು ಎಸೆಯುವುದು ಕೈಯಿಂದ ಎಂದುಕೊಂಡಿದ್ದಾರೆ ಜನ, ಕೈಯಿಂದಲ್ಲ, ಬಗ್ಗಿ ಮೈಭಾರವನ್ನೆಲ್ಲ ಹಿಂದಿನ ಕಾಲ ಮೇಲೆ ಹೊತ್ತು, ಅಲ್ಲಿಂದ ನೆಲವನ್ನು ಒದ್ದು ಏಳಬೇಕು, ಬೆಂಗಳೂರಿನ ಮೊದಲ ಆಯ್ಕೆಯಲ್ಲಿ ನಾನು ಒದ್ದೆ, ಈ ಕಾಲು ಚಟ್ ಎಂದಿತು, ಗುಂಡು ಮುಂದೆ ಹೋಗುವ ಬದಲು ನನ್ನ ಪಕ್ಕದಲ್ಲೇ ಬಿತ್ತು, ನಾನು ಅದರ ಪಕ್ಕದಲ್ಲಿ. ಬಿದ್ದವಳನ್ನು ಎತ್ತಿ ಕೂರಿಸಿ ಕಾಫಿ ಕೊಟ್ಟರು, ಪಾಪ ಎಂದರು, ಆ ಪಾಪವನ್ನು ಕೇಳಲು ನಾನು ಅಷ್ಟು ದೂರ ಹೋಗಬೇಕಿರಲಿಲ್ಲ, ಕಡೂರಿನಲ್ಲೇ ಬೇಕಾದಷ್ಟು ಸಿಗುತ್ತದೆ. ಆಮೇಲೆ ಅಲ್ಲಿನ ಶಿಬಿರದಲ್ಲಿ ಅಳತೆ ತೆಗೆದು ಕೊಟ್ಟದ್ದು ಈ ಹೊಸ ಕಾಲು, ಹಗುರ, ಬೆರಳುಗಳೂ ಇವೆ, ನೆಲ ಒದ್ದರೆ ನೆಲ ತಿರುಗಿ ಒದೆಯುತ್ತದೆ, ಎರಡನೇ ಆಯ್ಕೆಯಲ್ಲಿ ಎಲ್ಲರಿಗಿಂತ ದೂರ ಎಸೆದದ್ದು ಈ ಕಾಲಿನಿಂದ. ಈಗ ಅದರ ಮೇಲೆ ನೊಣ ಕೂತಿದೆ, ಅರಿಶಿನ ಒಣಗಿ ಹೆಬ್ಬೆರಳಲ್ಲಿ ಬಿರುಕು ಬಿಟ್ಟಿದೆ.

ಬಿಸಿಲು ಜಗಲಿಗೆ ಏರುತ್ತಿದೆ, ಅವ್ವ ಎದುರಿನ ಹೊಂಗೆ ಮರದ ಕೆಳಗೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಾಳೆ, ಹತ್ತಿರ ಬರುತ್ತಿಲ್ಲ, ಬೆಳಿಗ್ಗೆಯಿಂದ ನಾನು ಆಡಿದ ಮಾತಿಗೆ ಯಾರಾದರೂ ದೂರವೇ ನಿಲ್ಲುತ್ತಾರೆ. ಆಡದೆ ಏನು ಮಾಡಲಿ, ಹದಿನಾರು ವರ್ಷದಿಂದ ಈ ಹೆಂಗಸಿನ ಪಂಚಾಂಗದ ಜೊತೆ ಏಗಿದ್ದೇನೆ, ನೇಮಕದ ಆರ್ಡರು ಬಂದ ದಿನ ಅಮಾವಾಸ್ಯೆ ಎಂದು ಎರಡು ದಿನ ಬಿಟ್ಟು ಸೇರಿಸಿದಳು, ಇನ್ನೇನು ಕೆಲಸ ಬೇರೆಯವರ ಪಾಲಾಗುತ್ತಿತ್ತು. ಎಲ್ಲಕ್ಕೂ ಆ ಮಂಗಳವಾರ ಕಾರಣ. ಅಜ್ಜಂಪುರದಲ್ಲಿ ಈರುಳ್ಳಿ ಆರಿಸುವ ಕೂಲಿ ಇದೆ ಎಂದರು, ಅವ್ವ ನನ್ನ ಕೈ ಹಿಡಿದುಕೊಂಡು ಹೋದಳು, ನನಗೆ ಹತ್ತು ವರ್ಷ, ಈರುಳ್ಳಿ ಮಂಡಿಯ ಅಂಗಳದ ತುಂಬ ಸಿಪ್ಪೆ, ಕಾಲಿಟ್ಟರೆ ಚರಚರ, ನನಗೆ ಆಟ, ಹಿಂದಕ್ಕೆ ಬಂದ ಲಾರಿಗೆ ನಾನು ಕಾಣಲಿಲ್ಲ. ಡ್ರೈವರು ತಿರುಗಿ ನೋಡಲಿಲ್ಲ, ಹಿಂದೆ ನಿಂತು ರೈಟ್ ರೈಟ್ ಎನ್ನಬೇಕಾದ ಕ್ಲೀನರು ಬೀಡಿ ಕೊಳ್ಳಲು ಹೋಗಿದ್ದ, ಇದನ್ನು ನಾನು ಅವ್ವನಿಗೆ ಎಷ್ಟು ಸಲ ಬಿಡಿಸಿ ಹೇಳಿದ್ದೇನೆ, ಅವಳು ಕೇಳುತ್ತಾಳೆ, ಕೇಳಿ, ಮಂಗಳವಾರ ಬಡಗಲಿಗೆ ಕಾಲ್ ತೆಗೀಬಾರ್ದಿತ್ತು ಕಣೇ, ನಾನ್ ನೋಡ್ಲಿಲ್ಲ ಅನ್ನುತ್ತಾಳೆ. ಡ್ರೈವರು ಬಚಾವಾದ, ಕ್ಲೀನರು ಬಚಾವಾದ, ಸಿಕ್ಕಿಬಿದ್ದದ್ದು ಮಂಗಳವಾರ, ಮತ್ತೆ ಅವ್ವ. ಕೋಪ ಬರುತ್ತದೆ, ಅವಳು ಹೀಗೆ ತನ್ನ ತಲೆಗೇ ಕಟ್ಟಿಕೊಂಡದ್ದಕ್ಕೆ ಕೋಪ, ಅದನ್ನು ಇಳಿಸಲು ನನ್ನಿಂದ ಆಗಲಿಲ್ಲವೆಂದು ಕೋಪ, ಮೂರು ವರ್ಷದ ಹಿಂದೆ ಅಂಗವಿಕಲರ ವರ್ಷ ಎಂದು ತಾಲ್ಲೂಕಾಫೀಸಿನ ಮುಂದೆ ಶಾಮಿಯಾನ ಹಾಕಿದರಲ್ಲ, ಅಲ್ಲೊಬ್ಬರು ಮೈಕು ಹಿಡಿದು, ದೇವರು ಒಂದು ಕಿತ್ತುಕೊಂಡರೆ ಇನ್ನೊಂದು ಕೊಡುತ್ತಾನೆ ಎಂದು ನನ್ನನ್ನು ತೋರಿಸಿ ಹೇಳಿದರು, ನನಗೆ ಕೊಟ್ಟದ್ದು ಒಂದು ಸ್ಟೀಲ್ ಬಟ್ಟಲು, ಅವರ ಮೇಲೂ ಬಂದಿತ್ತು ಕೋಪ, ಆದರೆ ಅದು ಬಟ್ಟಲಿಗೆ ಉಪ್ಪಿನಕಾಯಿ ಹಾಕುವಷ್ಟರಲ್ಲಿ ತಣ್ಣಗಾಯಿತು. ಈ ಕೋಪ ತಣ್ಣಗಾಗುವುದಿಲ್ಲ. ಅವ್ವ ನನ್ನ ಹಳೇ ಕಾಲನ್ನಾಗಲಿ ಹೊಸ ಕಾಲನ್ನಾಗಲಿ ಇಷ್ಟು ವರ್ಷ ಮುಟ್ಟಿದವಳಲ್ಲ, ತೊಗಲಿನ ಪಟ್ಟಿ ಇರೋದು, ಒಳಗೆ ತರಬ್ಯಾಡ ಎಂದು ಚಪ್ಪಲಿಯ ಜೊತೆ ಜಗಲಿಯಲ್ಲೇ ಇಡಿಸುತ್ತಿದ್ದಳು, ನಾನು ಪಟ್ಟಿ ಕಟ್ಟಿಕೊಳ್ಳುವಾಗ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ನಾನು ಮೊದಮೊದಲು ಒರಳಿನ ಗುಂಡುಕಲ್ಲು ತೆಗೆದುಕೊಂಡು ಹೋಗಿ ಬಯಲಲ್ಲಿ ಎಸೆಯುತ್ತಿದ್ದಾಗ ಬೈದದ್ದೂ ಚಟ್ನಿ ರುಬ್ಬಲು ಕಲ್ಲಿಲ್ಲವೆಂದೇ ಹೊರತು ಬಿದ್ದೀಯೇ ಎಂದಲ್ಲ, ಆ ಮಾತು ಅವಳ ಬಾಯಿಂದ ಬರುವುದಿಲ್ಲ, ಕಾಲಿನ ಮಾತೇ ಬರುವುದಿಲ್ಲ. ಅಂಥವಳು ನಿನ್ನೆ ನಾನಿಲ್ಲದಾಗ ಅದನ್ನು ಎತ್ತಿಕೊಂಡು, ತೊಳೆದು, ಒರೆಸಿ, ಸೆರಗಿನಲ್ಲಿ ಮುಚ್ಚಿಕೊಂಡು ಬೀದಿಯಲ್ಲಿ ನಡೆದು ಬಂದಳೇ, ಅಷ್ಟು ದೂರ.

ಸ್ಟೇಷನ್ನಿನಲ್ಲಿ ಗಂಟೆ ಬಾರಿಸಿದರು, ರೈಲು ಬೀರೂರು ಬಿಟ್ಟಿತು ಅಂತ. ಇನ್ನು ಕೂತರೆ ಕೂತೇ ಬಿಟ್ಟೆ. ಎದ್ದೆ, ಹಳೇ ಕಾಲು ಕಿರ್ ಎಂದಿತು, ಗುಂಡಿನ ಚೀಲ ಹೆಗಲಿಗೆ ಹಾಕಿಕೊಂಡೆ, ಹೋಗಿ ಅಲ್ಲಿ ಆ ದೇಶದವರ ಎದುರು ಇನ್ನೊಮ್ಮೆ ಚಟ್ ಎನ್ನಿಸಿಕೊಂಡು ಬಿದ್ದು ಬರುತ್ತೇನೆ, ಅಲ್ಲೂ ಪಾಪ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಎನ್ನುತ್ತಾರೆ, ನನ್ನ ಕಾಲು ಮಾತ್ರ ಈಶ್ವರಕ್ಕನ ಮನೆಯಲ್ಲಿ ಸುಖವಾಗಿ ಮಣೆಯ ಮೇಲಿರಲಿ. ಅವ್ವ ಅಡ್ಡ ಬಂದಳು. ಇಟ್ಟಿದ್ದನ್ನ ಬಿಟ್ ಹೋಗಂಗಿಲ್ಲ, ಹೋದೋರು ತಿರುಗಿ ಬರಲ್ಲ ಅಂದಳು. ಒಂದು ಸೀರೆ ಇಟ್ಟಿದ್ದರೆ ಆಗುತ್ತಿರಲಿಲ್ಲವೇನವ್ವ, ಸೀರೆ ಬಿಟ್ಟು ಹೋಗುತ್ತಿದ್ದೆ, ಹಾಳಾಗಿ ಹೋಗಲಿ ಎನ್ನುತ್ತಿದ್ದೆ, ಕಾಲು ಯಾಕೆ ಇಟ್ಟೆ, ಬೀದಿಗೆಲ್ಲ ಕೇಳುವ ಹಾಗೆ ಕೇಳಿದೆ. ಅವಳು ನನ್ನ ಮುಖ ನೋಡಲಿಲ್ಲ, ಕಿಟಕಿಯ ಕಡೆ ನೋಡಿಕೊಂಡು, ಸೀರೆ ಇಟ್ರೆ ಸೀರೆ ಹೊಂಟಂಗೆ ಕಣೇ, ಅಷ್ಟ್ ದೂರಕ್ಕೆ ಹೊಂಟಿರೋಳು ನೀನು, ಅದಕ್ಕೆ ನಿನ್ ಮೈಯಿಂದೇ ಇಟ್ಟೆ ಅಂದಳು. ನನ್ನ ಮೈಯಿಂದು. ಚಪ್ಪಲಿಯ ಪಕ್ಕದಲ್ಲಿರುತ್ತಿದ್ದದ್ದು ಯಾವಾಗ ನನ್ನ ಮೈಯಾಯಿತು ಅವ್ವ, ಎಂದು ಕೇಳಬೇಕು, ಅಷ್ಟರಲ್ಲಿ ಮೇಷ್ಟ್ರು ಸೀಟಿ ಊದುತ್ತಿದ್ದಾರೆ, ಈ ಮನುಷ್ಯನಿಗೆ ಎಲ್ಲಕ್ಕೂ ಸೀಟಿ, ಅವ್ವ ನನ್ನ ಹೆಗಲಿನ ಚೀಲಕ್ಕೆ ಕೈ ಹಾಕಿದಳು, ಗುಂಡು ತೆಗೆದಳು, ಎರಡು ಕೈಯಲ್ಲಿ ಎತ್ತಿಕೊಂಡು, ಹಂಗಲ್ಲ ಅವ್ವ, ಅಂಗೈಯಲ್ಲಲ್ಲ, ಬೆರಳ ಬುಡದಲ್ಲಿ, ಎನ್ನುವಷ್ಟರಲ್ಲಿ ಬೀಗಕ್ಕೆ ಹೊಡೆದಾಗಿತ್ತು, ಮೊದಲನೆಯದು ತಗುಲಿದ್ದು ಬಾಗಿಲಿಗೆ, ಆಮೇಲಿನದು ಬೀಗಕ್ಕೆ, ಬೀಗಕ್ಕೆ ಏನೂ ಆಗಲಿಲ್ಲ, ಗೆದ್ದಲು ತಿಂದ ಚೌಕಟ್ಟಿನಿಂದ ಚಿಲಕವೇ ಮೊಳೆ ಸಮೇತ ಕಿತ್ತುಕೊಂಡು ಬಂತು. ಈಶ್ವರಿ ಬಂದ್ರೆ ನಾನ್ ಹೇಳ್ಕೊಂತೀನಿ, ನೀ ಕೂತ್ಕೋ. ನಡುಮನೆಯಲ್ಲಿ ಕೂತೆ, ಹಳೇ ಕಾಲು ಕಳಚಿ ಬಿಸಾಡಿದೆ, ಹೊಸದನ್ನು ಅವ್ವ ಮಣೆಯಿಂದ ಎತ್ತಿ ತಂದಳು, ಕೊಡು ಅಂದೆ, ಕೊಡಲಿಲ್ಲ, ತಾನೇ ಕೂತು ಹೊಂದಿಸಿದಳು, ಪಟ್ಟಿ ಎಲ್ಲಿಂದ ಎಲ್ಲಿಗೆ ಎಂದು ಅವಳಿಗೆ ಗೊತ್ತಿಲ್ಲ, ತಲೆಕೆಳಗು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು, ಸರಿಯಾಗಿ ಬಿಗಿ ಅವ್ವ, ಇನ್ನೂ ಬಿಗಿ, ರೈಲಿನ ಸದ್ದು ನೆಲದಲ್ಲಿ ಬರುತ್ತಿದೆ, ಅವಳ ಅಂಗೈಯೆಲ್ಲ ಹಳದಿ, ನನ್ನ ಮಂಡಿಯೂ ಹಳದಿ. ಎದ್ದು ಹೊಸ್ತಿಲಿಗೆ ಬಂದೆ, ಅವ್ವ ಹಿಂದಿನಿಂದ, ಎಲ್ಲರ ಅವ್ವಂದಿರೂ ಎಲ್ಲ ಹೆಣ್ಣುಮಕ್ಕಳಿಗೂ ಹೇಳುವ ಹಾಗೆ, ಬಲಗಾಲು ಮುಂದಿಟ್ಟು ಹೋಗು ಅಂದಳು. ಅಂದವಳೇ ಬಾಯಿ ಮುಚ್ಚಿಕೊಂಡಳು. ನಾನು ತಿರುಗಲಿಲ್ಲ. ಹದಿನಾರು ವರ್ಷ ಯಾವ ಹೊಸ್ತಿಲಲ್ಲೂ ಅವಳು ನನಗೆ ಈ ಮಾತು ಹೇಳಿರಲಿಲ್ಲ, ಚಿಕ್ಕಪ್ಪನ ಮಕ್ಕಳಿಗೆ ಹೇಳುತ್ತಿದ್ದಳು, ಹೊಸ ಸೊಸೆಯರಿಗೆ ಹೇಳುತ್ತಿದ್ದಳು, ನಾನು ಹೊರಟಾಗ ಮಾತ್ರ ಏನನ್ನೋ ಹುಡುಕುವವಳ ಹಾಗೆ ಒಳಗೆ ಹೋಗಿಬಿಡುತ್ತಿದ್ದಳು, ಮೇಷ್ಟ್ರು ಕೂಗುತ್ತಿದ್ದಾರೆ, ಎಂಜಿನ್ನು ಬಂತು, ಓಡಬೇಕು, ಎತ್ತಿದ್ದೇನೆ, ಹೊಸ್ತಿಲ ಮೇಲೆ ಇನ್ನೂ ಇಳಿದಿಲ್ಲ, ಬೆರಳುಗಳು, ಬೆರಳ ಸಂದಿಯಲ್ಲಿ ಅರಿಶಿನ, ಬಲಗಾಲು, ನನ್ನ ಬಲಗಾಲು, ಹಳದಿ