ಕೆಮ್ಮುವ ಗಂಟೆ

ನಮ್ಮ ಮನೆಯ ಗಂಟೆ ಇರುವುದು ನನ್ನ ಗಂಟಲಲ್ಲಿ. ತಮಾಷೆ ಮಾಡಿ ಹೊಟ್ಟೆ ಹೊರೆಯುವವನು ನಾನು, ನಿಜ. ಆದರೆ ಇದು ತಮಾಷೆಯಲ್ಲ.

ತೀರಿಹೋದ ಹಿರಿಯರ ಕಟ್ಟೆಯ ಮುಂದೆ ಬಿಳಿ ಸೀಮೆಸುಣ್ಣ ಉದುರಿಸಿ, ಕೋಲಾ ಕಾಯಿ ಒಡೆದಿಟ್ಟು, ಒಂದು ಗುಟುಕು ಜಿನ್ ನೆಲಕ್ಕೆ ಚೆಲ್ಲಿದ ಮೇಲೆ ಗಂಟೆ ಬಾರಿಸಬೇಕು. ಬಾರಿಸದೆ ಮಾತು ಶುರು ಮಾಡಿದರೆ ಗೊರಕೆ ಹೊಡೆಯುವವರಿಗೆ ಸುಖದುಃಖ ಹೇಳಿಕೊಂಡ ಹಾಗೆ. ನಮ್ಮ ಹಿತ್ತಾಳೆ ಗಂಟೆಯನ್ನೋ, ನಮ್ಮ ಬೆನಿನ್ ಊರು ಸುಟ್ಟ ವರ್ಷ, ಸಾವಿರದೆಂಟುನೂರ ತೊಂಬತ್ತೇಳರಲ್ಲಿ, ಇಂಗ್ಲಿಷರ ಸಿಪಾಯಿಗಳು ಗಂಟು ಕಟ್ಟಿಕೊಂಡು ಹೋದರು. ಅರಮನೆಯ ಕಂಚಿನ ತಲೆಗಳು ಹೋದವು, ಕೆತ್ತಿದ ಆನೆದಂತಗಳು ಹೋದವು, ಗೋಡೆಯ ಫಲಕಗಳು ಹೋದವು, ಆ ಗದ್ದಲದಲ್ಲಿ ಗೇಣುದ್ದದ ನಮ್ಮದೂ ಹೋಯಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಗಂಟೆಯನ್ನು ಬಾಯಲ್ಲಿ ಬಾರಿಸುತ್ತೇವೆ.

ಆ ಗಂಟೆಯ ನಿಜವಾದ ದನಿ ಕೇಳಿದವನು ನನ್ನ ಮುತ್ತಾತನ ಅಪ್ಪ ಇಮಾಸುವೆನ್. ಊರು ಸುಟ್ಟಾಗ ಅವನಿಗೆ ಹನ್ನೆರಡು. ಮುದುಕನಾದ ಮೇಲೆ ಆ ದನಿಯನ್ನು ಯಾರಿಗಾದರೂ ದಾಟಿಸಿ ಸಾಯೋಣ ಎಂದು ಮನೆಯ ಗಂಡುಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿದನಂತೆ. ಒಬ್ಬನ ಗಂಟೆ ಮೇಕೆಯ ಹಾಗೆ, ಇನ್ನೊಬ್ಬನದು ಹೊಟ್ಟೆ ಕೆಟ್ಟ ಮೇಕೆಯ ಹಾಗೆ. ಕಡೆಗೆ ಬಾಗಿಲ ಸಂದಿಯಿಂದ ಎಂಟು ವರ್ಷದ ಹುಡುಗಿಯೊಬ್ಬಳು ಥೇಟ್ ಗಂಟೆಯನ್ನೇ ಬಾರಿಸಿದಳು. ಅವಳೇ ಎಬುವಾ, ಅವನ ಮೊಮ್ಮಗಳು, ನನ್ನ ತಾತನ ತಂಗಿ. ಈಗ ಎಂಬತ್ತೇಳು. ನಮ್ಮೆಲ್ಲರಿಗೂ ಅವಳು ಇಯೆ, ಅಂದರೆ ಅಮ್ಮ.

ಇಯೆ ನನಗೆ ಏಳನೇ ವಯಸ್ಸಿನಲ್ಲಿ ಕಲಿಸಿದಳು. "ಮೊದಲು ಚೂರು ಕೆಮ್ಮಬೇಕು, ಕೋತಿ. ನಮ್ಮ ಗಂಟೆ ನಾಲಿಗೆ ಸಡಿಲ ಇತ್ತಂತೆ. ಗಂಟಲು ಸರಿಮಾಡಿಕೊಂಡೇ ಮಾತಾಡ್ತಿತ್ತು. ಖ್ರ... ಗೊಂ. ಅಷ್ಟೇ. ಬಾಲ ಬೇಡ."

ಆ ಬಾಲವನ್ನು ನಾನೇ ಅಂಟಿಸಿದೆ. ಕಾಲೇಜಿನಲ್ಲಿ ಇತಿಹಾಸ ಓದಿದೆ. ಪದವಿ ಸಿಕ್ಕಿತು, ಪದವಿಗೆ ಕೆಲಸ ಸಿಗಲಿಲ್ಲ, ಮೈಕ್ ಸಿಕ್ಕಿತು. ಮದುವೆಗಳಲ್ಲಿ ಪಾದ್ರಿಗಳ ಹಾಗೆ, ಮಂತ್ರಿಗಳ ಹಾಗೆ, ಸ್ಟಾರ್ಟ್ ಆಗದ ಜನರೇಟರಿನ ಹಾಗೆ ಕೂಗಿ ಜನರನ್ನು ನಗಿಸುತ್ತೇನೆ. ಒಂದು ದಿನ ಬೇರೇನೂ ತೋಚದೆ ನಮ್ಮ ಗಂಟೆಯನ್ನೂ ಬಾರಿಸಿಬಿಟ್ಟೆ. ಕೆಮ್ಮಿಗೆ ಯಾರೂ ನಗಲಿಲ್ಲ, ಕೆಮ್ಮು ಕಿತ್ತೆ. ಗೊಂ ಮೋಟಾಯಿತು, ಎಳೆದೆ. ಗೊಂಯ್ಂಯ್ಂಯ್ ಎಂದು ಮೂಗಿನಲ್ಲಿ ತಿರುಗಿಸಿ ಬಿಟ್ಟಾಗ ಮದುಮಗಳ ತಲೆಯ ಹವಳದ ಮಣಿಗಳೂ ನಕ್ಕವು. ನಾಲ್ಕೈದು ವರ್ಷ ಹಾಗೇ ಬಾರಿಸಿದೆ. ಅಷ್ಟರಲ್ಲಿ ಇಯೆಗೆ ಕೊರಳಿನ ಗಡ್ಡೆಗೆ ಆಪರೇಷನ್ ಆಗಿ ದನಿ ಪೂರ್ತಿ ಹೋಯಿತು, ಉಳಿದದ್ದು ಪಿಸುಮಾತು. ಅಪ್ಪ ತೀರಿಕೊಂಡು, ಹಿರಿಮಗನೆಂದು ಮನೆ, ಕಟ್ಟೆ ನನ್ನ ಪಾಲಿಗೆ ಬಂದವು. ಕಟ್ಟೆಯ ಮುಂದೆ ಮೊದಲ ಸಲ ಬಾಯಿ ತೆರೆದೆ. ಬಂದದ್ದು ಗೊಂಯ್ಂಯ್ಂಯ್. ಇಯೆ ತನ್ನ ಕೋಲಿನಿಂದ ನೆಲಕ್ಕೆ ಟಕ್ ಎಂದು ಒಂದು ಕುಟ್ಟಿದಳು.

ಹತ್ತು ವರ್ಷ ಆಯಿತು. ಪ್ರತಿ ಸಲ ನಾನು ಬಾರಿಸುವುದು, ಅವಳು ಕುಟ್ಟುವುದು. ಬೇಕೆಂದು ಮಾಡುತ್ತಿರಲಿಲ್ಲ ನಾನು. ಹಳೆಯದನ್ನು ಹುಡುಕುತ್ತಿದ್ದೆ, ಸಿಗುತ್ತಿರಲಿಲ್ಲ. ಊರಲ್ಲಿ ಯಾರ ದನಿ ಕೇಳಿದರೂ ಎರಡು ನಿಮಿಷದಲ್ಲಿ ಹಿಡಿಯುವವನಿಗೆ ನನ್ನ ಮನೆಯದೊಂದೇ ಕೈಗೆ ಸಿಗುತ್ತಿರಲಿಲ್ಲ. ತೋರಿಸಿಕೊಡಲು ಇಯೆಗೆ ದನಿಯಿಲ್ಲ.

ಹೀಗಿರುವಾಗ ಯುರೋಪಿನ ಯಾವುದೋ ವಸ್ತುಸಂಗ್ರಹಾಲಯ ಒಂದು ಪೆಟ್ಟಿಗೆ ವಾಪಸು ಕಳಿಸಿತು. ಅದರಲ್ಲಿ ಒಂದು ಗಂಟೆ. ಅರಮನೆಯಿಂದ ಹೋದದ್ದು ಅರಮನೆಗೇ ಬರಬೇಕು ಎಂದರು ಅರಮನೆಯ ಕಡೆಯವರು. ದೇಶದ ಸೊತ್ತು ಎಂದರು ಸರ್ಕಾರದ ಕಡೆಯವರು. ಎರಡೂ ಕಡೆಯವರು ರೇಡಿಯೊದಲ್ಲಿ ಜಗಳವಾಡಿದರು. ಎರಡೂ ದನಿ ನನ್ನ ಮದುವೆ ಕಾರ್ಯಕ್ರಮಕ್ಕೆ ಸೇರಿದವು. ಗಂಟೆ ಮಾತ್ರ ಕಚೇರಿಯೊಂದರಲ್ಲಿ ಬೀಗದೊಳಗೆ ಕೂತಿತು. ಸುದ್ದಿಯ ಕೊನೆಯಲ್ಲಿ ಒಂದು ಸಾಲು ಇತ್ತು: ಮನೆತನಗಳವರು ಯಾರಾದರೂ ತಮ್ಮದೆನ್ನುವುದಾದರೆ ಪುರಾವೆಯೊಂದಿಗೆ ಬರಬಹುದು.

ಇಯೆ ನನ್ನ ತೋಳು ಹಿಡಿದಳು. "ಉಯಿ," ಎಂದು ನನ್ನ ಹೆಸರು ಹಿಡಿದು ಪಿಸುಗುಟ್ಟಿದಳು, "ಕರ್ಕೊಂಡು ಹೋಗು."

"ಏನು ಪುರಾವೆ ಕೊಡೋದು ಇಯೆ? ಫೋಟೊ ಇಲ್ಲ, ಚೀಟಿ ಇಲ್ಲ."

"ಕಿವಿ ಇದೆ."

ಗುರುವಾರ ಬೆಳಿಗ್ಗೆ ಆಟೋದಲ್ಲಿ ಹೊರಟೆವು. ಇಯೆ ಹವಳದ ಸರ ಹಾಕಿ, ಮಗನ ಮದುವೆಯಲ್ಲಿ ಉಟ್ಟಿದ್ದ ಬಟ್ಟೆ ಸುತ್ತಿದ್ದಳು. ಸರ್ಕಲ್ಲಿನ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಹಿಂದಿನ ಲಾರಿ ಹಾರ್ನ್ ಹೊಡೆಯಿತು. ನಾನು ಅದರಂತೆಯೇ ತಿರುಗಿ ಹೊಡೆದೆ. ಆಟೋದವನು ಬೆಚ್ಚಿ ಬ್ರೇಕ್ ಹಾಕಿದ.

"ಲಾರಿ ಬಂತು, ಗಂಟೆ ಬರಲ್ಲ," ಎಂದಳು ಇಯೆ.

ಕಚೇರಿಯಲ್ಲಿದ್ದದ್ದು ಅಘಾಟಿಸೆ ಎಂಬ ಅಧಿಕಾರಿ, ನನ್ನದೇ ವಯಸ್ಸು, ಮೂಗಿನ ತುದಿಯಲ್ಲಿ ಕನ್ನಡಕ. ಮಾತೆಲ್ಲ ಕನ್ನಡಕದ ಮೇಲಿಂದ ಹಾರಿ ಬರುತ್ತಿತ್ತು, ನಡುವೆ ಸಾಹೇಬರೇ ಅನ್ನುವುದಕ್ಕೆ ಓಗಾ: "ಈಗಿನ ಮಟ್ಟಿಗೆ, ಓಗಾ, ಮುಟ್ಟುವಂತಿಲ್ಲ. ಈಗಿನ ಮಟ್ಟಿಗೆ ಫೋಟೊ ತೆಗೆಯುವಂತಿಲ್ಲ." ಆದರೆ ಇಯೆಯನ್ನು ಕಂಡದ್ದೇ ಕುರ್ಚಿ ಬಿಟ್ಟು ಬಾಗಿ, ಬೆಳಗಿನ ನಮಸ್ಕಾರ ಹೇಳಿದ. ನಮ್ಮಲ್ಲಿ ಬೆಳಗಿನ ನಮಸ್ಕಾರ ಮನೆತನಕ್ಕೊಂದು. ಅವನು ತನ್ನ ಮನೆಯದನ್ನು ಹೇಳಿದ. ಇಯೆ ಕಿವಿಗೊಟ್ಟು ಕೇಳಿ, "ಎರಕದವರ ಬೀದಿಯ ಹುಡುಗನಾ ನೀನು?" ಎಂದಳು.

"ಹೌದು ಇಯೆ. ತಾತ ಹಿತ್ತಾಳೆ ಎರಕ ಹೊಯ್ತಿದ್ರು. ನಾನು ಫೈಲಿಗೆ ದಾರ ಕಟ್ತೀನಿ."

"ಪಾಪ," ಎಂದಳು ಇಯೆ, ಮನಸ್ಸಿನಿಂದಲೇ.

ಅಘಾಟಿಸೆ ಬಿಳಿ ಕೈಗವಸು ಹಾಕಿಕೊಂಡು ಪೆಟ್ಟಿಗೆ ತೆರೆದ. ಸ್ಪಂಜಿನ ಹಾಸಿಗೆಯಲ್ಲಿ ನಾಲ್ಕು ಮೂಲೆಯ ಹಿತ್ತಾಳೆ ಗಂಟೆ. ಮೈಮೇಲೆ ಒಂದು ಮುಖ, ಕೆಳಗೆ ಜಾಲರಿ ಕೆತ್ತನೆ. ಅಂಚಿನ ಒಳಗೆ ಬಿಳಿ ಬಣ್ಣದಲ್ಲಿ ಬರೆದ ಒಂದು ನಂಬರು. ಒಳಗೆ ನಾಲಿಗೆ ಇರಲಿಲ್ಲ, ನಾಲಿಗೆ ತೂಗುತ್ತಿದ್ದ ಕೊಂಡಿ ಮಾತ್ರ ಇತ್ತು.

"ನಾಲಿಗೆ ಕಿತ್ತು ನಂಬರು ಕೊಟ್ಟಿದ್ದಾರೆ," ಎಂದೆ ನಾನು. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ.

ಇಯೆ ಪೆಟ್ಟಿಗೆಯ ಮೇಲೆ ಬಗ್ಗಿದಳು. ಮುಟ್ಟಲಿಲ್ಲ. ಅವಳ ಕೈ ಮಾತ್ರ ಗಂಟೆಯ ಮೇಲೆ ಗಾಳಿಯಲ್ಲಿ ಒಂದಿಷ್ಟು ಹೊತ್ತು ಆಡಿತು, ಮಲಗಿದ ಮಗುವಿನ ನೊಣ ಓಡಿಸುವ ಹಾಗೆ. "ನೋಡಿ ಹೇಳೋಕಾಗಲ್ಲ. ನಾನು ನೋಡಿಲ್ಲ ಅಲ್ವಾ. ಮಾತಾಡಿಸು."

"ಅದು ಮಾತ್ರ ಆಗಲ್ಲ ಇಯೆ. ತೀರ್ಮಾನ ಆಗೋ ತನಕ ಯಾರೂ ಬಾರಿಸಬಾರದು ಅಂತ ಬರೆದಿದೆ."

ನಾನು ನಮ್ಮ ಮನೆಯ ಕಥೆ ಹೇಳಿದೆ, ಬಾಯಿಗಂಟೆಯ ವಿಷಯ ಹೇಳಿದೆ. ಅಘಾಟಿಸೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಎದ್ದು ಬಾಗಿಲು ಮುಚ್ಚಿದ. ಡ್ರಾಯರಿನಿಂದ ಒಂದು ಪೆನ್ಸಿಲ್ ತೆಗೆದ.

"ಒಂದೇ ಸಲ. ನಾನು ಬಾರಿಸಿಲ್ಲ, ನೀವು ಕೇಳಿಲ್ಲ. ಆದ್ರೆ ನ್ಯಾಯ ಅಂದ್ರೆ ನ್ಯಾಯ. ಮೊದಲು ನಿಮ್ಮದು ಆಗಲಿ, ಆಮೇಲೆ ಅದರದು. ಅದನ್ನ ಕೇಳಿಸಿಕೊಂಡು ನೀವು ಅದರ ಹಾಗೇ ಕೂಗಿಬಿಟ್ರೆ? ನನ್ನ ತಂಗಿ ಮದುವೇಲಿ ಮೈಕ್ ಹಿಡಿದಿದ್ದು ನೀವೇ ಅಲ್ವಾ, ಓಗಾ?"

ಸಿಕ್ಕಿಬಿದ್ದೆ. ಉಸಿರು ತುಂಬಿಕೊಂಡು ಬಾರಿಸಿದೆ. ಗೊಂಯ್ಂಯ್ಂಯ್.

"ಆಹಾ," ಎಂದ ಅಘಾಟಿಸೆ.

ಟಕ್. ಇಯೆಯ ಕೋಲು.

"ಇಯೆಗೆ ಒಪ್ಪಿಗೆ ಇಲ್ಲವಾ?"

"ಹತ್ತು ವರ್ಷದಿಂದ ಇಲ್ಲ," ಎಂದೆ ನಾನು. ಇನ್ನು ಮುಚ್ಚಿಡುವುದೇನು? ಹೇಳಿಬಿಟ್ಟೆ, ಮೈಕು, ನಗು, ಬಾಲ ಎಲ್ಲ. "ಹಳೇದು ಹೋಯ್ತು ಇಯೆ. ನಾನೇ ಕಳೆದೆ. ಸಿಪಾಯಿಗಳು ಗಂಟೆ ತಗೊಂಡು ಹೋದ್ರು, ದನಿ ಬಿಟ್ಟು ಹೋಗಿದ್ರು. ಅದನ್ನ ನಾನು ಮದುವೆ ಮನೇಲಿ ಹಂಚಿಬಿಟ್ಟೆ."

ಇಯೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೋಲನ್ನು ಮೇಜಿಗೆ ಒರಗಿಸಿ, ಒಂದು ಅಂಗೈ ನನ್ನ ಎದೆಯ ಮೇಲೆ, ಇನ್ನೊಂದು ನನ್ನ ಗಂಟಲ ಮೇಲೆ ಇಟ್ಟಳು. ಏಳು ವರ್ಷದವನಿದ್ದಾಗ ಹೀಗೇ ಇಟ್ಟಿದ್ದಳು. "ಬಾರಿಸು."

ಬಾರಿಸಿದೆ. ಗಂಟಲ ಮೇಲಿನ ಬೆರಳು ಒತ್ತಿತು, ಬಾಲ ಮುರಿಯಿತು. ಮತ್ತೆ ಬಾರಿಸಿದೆ. ಎದೆಯ ಮೇಲಿನ ಅಂಗೈ ಕೆಳಗೆ ಜಾರಿ ಹೊಟ್ಟೆಯ ಹತ್ತಿರ ತಟ್ಟಿತು; ಮೂಗಿನಲ್ಲಿದ್ದದ್ದು ಕೆಳಗಿಳಿಯಿತು. ಆಮೇಲೆ ಇಯೆ ತಾನೇ ಒಮ್ಮೆ ಕೆಮ್ಮಿದಳು, ದನಿಯಿಲ್ಲದ ಒಣ ಕೆಮ್ಮು, ಖ್ರ, ಎಂದು ನನ್ನ ಮುಖವನ್ನೇ ನೋಡಿದಳು. ಕೆಮ್ಮುವುದಕ್ಕೆ ದನಿ ಬೇಕಿರಲಿಲ್ಲ. ಹತ್ತು ವರ್ಷ ಅವಳಾಗಲಿ ನಾನಾಗಲಿ ಇದನ್ನು ಯೋಚಿಸಿರಲಿಲ್ಲ.

ಖ್ರ... ಗೊಂ.

ಇಯೆಯ ಕೈಗಳು ಕೆಳಗಿಳಿದವು. ಕಣ್ಣು ಮುಚ್ಚಿ ನಿಂತಿದ್ದಳು. ಎಂಟು ವರ್ಷದ ಹುಡುಗಿ ಬಾಗಿಲ ಸಂದಿಯಲ್ಲಿ ಹೀಗೇ ನಿಂತಿದ್ದಿರಬೇಕು.

"ಇದು," ಎಂದಳು. "ಬರ್ಕೋ ಮಗಾ."

ಅಘಾಟಿಸೆ ಗಂಟೆಯನ್ನು ತಲೆಯ ಮೇಲಿನ ಹಿಡಿ ಹಿಡಿದು ಎತ್ತಿದ. ಪೆನ್ಸಿಲಿನಿಂದ ಮೆಲ್ಲಗೆ ಹೊಡೆದ.

ಟಿಣ್.

ಸಣ್ಣ, ಚೂಪಾದ, ನೆಟ್ಟಗಿನ ದನಿ. ಬೆಳ್ಳಿ ಚಮಚ ಬಿದ್ದ ಹಾಗೆ. ಒಂದು ಗಳಿಗೆ ಕೋಣೆಯಲ್ಲಿ ನಿಂತು ಕರಗಿತು. ಎಷ್ಟು ಚೆನ್ನಾಗಿತ್ತು ಅಂದರೆ ನನ್ನ ನಾಲಿಗೆ ನನ್ನನ್ನು ಕೇಳದೆ ಅದನ್ನು ಹಿಡಿದುಬಿಟ್ಟಿತು: "ಟಿಣ್!" ಕಣ್ಣು ಮುಚ್ಚಿದ್ದರೆ ಯಾವುದು ಹಿತ್ತಾಳೆ ಯಾವುದು ಉಯಿ ಗೊತ್ತಾಗುತ್ತಿರಲಿಲ್ಲ. ಹಿಂದೆಯೇ ಬಾಯಿ ಓಡಿತು. "ಇದೇ! ಇದೇ ಇಯೆ! ನಾಲಿಗೆ ಇಲ್ಲ ಅಲ್ವಾ, ಅದಕ್ಕೇ ಕೆಮ್ಮು ಇಲ್ಲ. ಪೆನ್ಸಿಲ್ ಅಲ್ವಾ, ಅದಕ್ಕೇ ಸಣ್ಣ. ಇಮಾಸುವೆನ್ ತಾತ ಮುದುಕ ಆಗಿದ್ರು, ಅವರ ಗಂಟಲು ದಪ್ಪ ಆಗಿರುತ್ತೆ. ದನಿ ಇಳಿದಿರುತ್ತೆ. ಇದು ನಮ್ಮದೇ. ಇವತ್ತಿಂದ ನಾನು ಹೀಗೇ ಬಾರಿಸ್ತೀನಿ. ಬರ್ಕೊಳ್ಳಿ ಓಗಾ."

ಅಘಾಟಿಸೆ ಪೆನ್ಸಿಲ್ ಹಿಡಿದುಕೊಂಡೇ ಇಯೆಯ ಕಡೆ ನೋಡಿದ. "ಈಗಿನ ಮಟ್ಟಿಗೆ ಇದನ್ನ ಕೇಳಿಕೊಂಡು ಬಂದಿರೋದು ನಿಮ್ಮ ಮನೆಯೊಂದೇ, ಇಯೆ. ನೀವು ಹೌದು ಅಂದ್ರೆ ನಿಮ್ಮ ಹೆಸರು ಬರೀತೀನಿ. ಸಿಗುತ್ತೋ ಇಲ್ವೋ, ಅದು ದೊಡ್ಡವರ ಜಗಳ. ಹೆಸರಂತೂ ಇರುತ್ತೆ."

ಇಯೆ ಗಂಟೆಯನ್ನೇ ನೋಡುತ್ತಿದ್ದಳು. ಆಸೆ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಎಂಟನೇ ವಯಸ್ಸಿನಿಂದ ಬಾಯಲ್ಲಿ ಹೊತ್ತದ್ದನ್ನು ಕೆಳಗಿಡುವ ಜಾಗ ಮೊಳದ ದೂರದಲ್ಲಿತ್ತು.

"ಉಯಿ. ಈ ಹುಡುಗ ಬೆಳಿಗ್ಗೆ ನನಗೆ ನಮಸ್ಕಾರ ಹೇಳಿದ. ಅವನ ಮನೇದು. ಚೆನ್ನಾಗಿತ್ತು. ನಾಳೆಯಿಂದ ನೀನು ಅದನ್ನೇ ಹೇಳ್ತೀಯಾ?"

"ಅದ್ಹೇಗೆ ಇಯೆ, ಅದು ಅವರದಲ್ವಾ."

"ಹೂಂ." ಉಸಿರು ಎಳೆದುಕೊಂಡಳು. "ಇದು ನಮ್ಮದು ಅಂದ್ರೆ ನಮ್ಮಜ್ಜ ತಪ್ಪು ಕಲಿಸಿದ ಅಂತ ಆಯ್ತು. ನೂರಿಪ್ಪತ್ತು ವರ್ಷ ನಾವು ಬೇರೆಯವರ ಹೆಸರು ಹಿಡಿದು ನಮ್ಮವರನ್ನ ಕೂಗಿದ್ವಿ ಅಂತ ಆಯ್ತು. ಇರಬಹುದು. ನನಗೇನು ಗೊತ್ತು? ಆದ್ರೆ ಅವನು ಕಲಿಸ್ತಾ ಅಳ್ತಿದ್ದ, ಮಗಾ. ಗೊಂ ಅಂದಾಗ ಅಳ್ತಿದ್ದ. ನಾನು ನೋಡಿದೀನಿ." ಅಘಾಟಿಸೆಯ ಕಡೆ ತಿರುಗಿದಳು. "ನಮ್ಮದಲ್ಲ ಅಂತ ಬರಿ."

"ಖಾತ್ರಿನಾ ಇಯೆ?"

"ಖಾತ್ರಿ ಇಲ್ಲ. ಬರಿ."

ಅವನು ಬರೆದ. ಗಂಟೆಯನ್ನು ಸ್ಪಂಜಿನಲ್ಲಿ ಮಲಗಿಸಿದ. ಮುಚ್ಚಳ ಹಾಕುವ ಮೊದಲು ಇಯೆ ಅದಕ್ಕೆ ಏನೋ ಪಿಸುಗುಟ್ಟಿದಳು, ನನಗೆ ಕೇಳಿಸಿದ್ದು ಇಷ್ಟೇ: "ನಿಮ್ಮೋರೂ ಬರ್ತಾರೆ, ಇರು." ಹೊರಗೆ ಬರುವಾಗ ಅಘಾಟಿಸೆ ನನ್ನ ಬೆನ್ನು ತಟ್ಟಿ, "ಓಗಾ, ಇದನ್ನ ಮದುವೇಲಿ ಮಾಡಬೇಡಿ," ಎಂದ. ಅವನ ದನಿಯನ್ನು ನಾನು ಇವತ್ತಿಗೂ ಯಾರ ಮುಂದೆಯೂ ಅನುಕರಿಸಿಲ್ಲ.

ಮರುದಿನ ಬೆಳಿಗ್ಗೆ ಕಟ್ಟೆಯ ಮುಂದೆ ಸೀಮೆಸುಣ್ಣ ಉದುರಿಸಿದೆ, ಕೋಲಾ ಕಾಯಿ ಒಡೆದೆ, ಜಿನ್ ಚೆಲ್ಲಿದೆ. ಇಯೆ ತನ್ನ ಮಣೆಯ ಮೇಲೆ ಕೋಲು ಹಿಡಿದು ಕೂತಿದ್ದಳು. ಬಾಯಿ ತೆರೆಯುವಾಗ ನನಗೆ ಭಯ. ಸಾವಿರ ಜನರ ಮುಂದೆ ಮೈಕ್ ಹಿಡಿದಾಗಲೂ ಹೀಗೆ ಭಯಪಟ್ಟವನಲ್ಲ.

ಖ್ರ... ಗೊಂ.

ಕೋಲು ಅಲುಗಲಿಲ್ಲ. ನಾನು ಕಾದೆ. ಅಲುಗಲಿಲ್ಲ. ಅಪ್ಪನಿಗೆ, ತಾತನಿಗೆ, ಇಮಾಸುವೆನ್‌ಗೆ ಹೇಳುವುದನ್ನೆಲ್ಲ ಹೇಳಿದೆ. ಹತ್ತು ವರ್ಷದ್ದು ಬಾಕಿ ಇತ್ತು, ಬಹಳ ಹೊತ್ತೇ ಹಿಡಿಯಿತು. ಮುಗಿಸಿ ಏಳುತ್ತಿದ್ದಾಗ ಇಯೆ ನನ್ನ ಅಂಗಿಯ ತುದಿ ಎಳೆದಳು.

"ಇನ್ನೊಂದು ಸಲ. ಇಲ್ಲಲ್ಲ, ಅಂಗಳಕ್ಕೆ ಬಾ."

ಕೈ ಹಿಡಿದು ಕರೆದುಕೊಂಡು ಬಂದೆ. ಕೆಂಪು ಗೋಡೆಯ ಆಚೆ ಬೀದಿಯಲ್ಲಿ ಬ್ರೆಡ್ ಮಾರುವವಳು ಕೂಗುತ್ತಿದ್ದಳು. ಇಯೆ ನನ್ನ ಹೆಗಲು ಹಿಡಿದು ಉಘೋಟೊನ್ ಎಂಬ ಹೊಳೆಬಂದರಿನ ದಿಕ್ಕಿಗೆ ತಿರುಗಿಸಿದಳು. ಕೊಳ್ಳೆ ಹೊತ್ತ ಹಡಗುಗಳು ಹೋದದ್ದು ಆ ಕಡೆಗೆ.

"ಜೋರಾಗಿ," ಎಂದಳು. "ನಮ್ಮ ಗಂಟೆಗೆ ಕಿವಿ ದೂರ. ಎಲ್ಲೋ ಕಪಾಟಿನಲ್ಲಿದೆ, ನಾಲಿಗೆ ಇದೆಯೋ ಇಲ್ವೋ. ತನ್ನ ದನಿ ಮರೆತಿದ್ರೆ ನೆನಪಾಗಲಿ."

ನಾನು ಕೆಮ್ಮಿದೆ. ಆಮೇಲೆ ಹೊಟ್ಟೆಯಿಂದ ಬಾರಿಸಿದೆ. ಬ್ರೆಡ್ ಮಾರುವವಳು ಕೂಗುವುದನ್ನು ನಿಲ್ಲಿಸಿದಳು. ಇಯೆ ತಲೆಯನ್ನು ಒಂದು ಬದಿಗೆ ವಾಲಿಸಿ ಕೇಳಿಸಿಕೊಳ್ಳುತ್ತಾ ನಿಂತಳು, ನನ್ನ ಸದ್ದು ಅಡಗಿದ ಮೇಲೆಯೂ.