ಅಂಗೈಯಷ್ಟು ಹಾಲು

ಡೈರಿಯ ಸೂಪರ್‌ವೈಸರನನ್ನು ವ್ಯಾನಿನವರು ಬೆನ್ನ ಹಿಂದೆ 'ಡಿಗ್ರಿ' ಎಂದೇ ಕರೆಯುತ್ತಿದ್ದರು. ಕ್ಯಾನಿಗೆ ಥರ್ಮಾಮೀಟರ್ ಇಳಿಸುವುದು, ಮೂತಿ ಸೊಟ್ಟ ಮಾಡುವುದು. ಅವನ ಬೆಳಗೆಲ್ಲ ಇಷ್ಟೇ.

"ಒಂಬತ್ತು ಡಿಗ್ರಿ. ಐದು ದಾಟಿದ್ರೆ ಇದನ್ನ ಹಾಲು ಅಂತಾರೇನಯ್ಯ? ಚರಂಡಿಗೆ ಸುರಿ."

"ಸಾರ್, ದಾರೀಲಿ ಟೈರು..."

"ಟೈರಿನ ಕಥೆ ಟೈರಿಗೆ ಹೇಳು."

ಅವನ ಹೆಂಡತಿ ಹೊಲಿಗೆ ಕಾರ್ಖಾನೆಯ ಉಗ್ರಾಣದಲ್ಲಿ, ಬಟ್ಟೆಯ ಥಾನುಗಳ ಹಿಂದೆ ಕೂತು, ಪಂಪಿನಿಂದ ಎದೆಹಾಲು ತೆಗೆದು ಐಸಿನ ಚೀಲದಲ್ಲಿ ತರುತ್ತಿದ್ದಳು. ಮಾರನೇ ದಿನ ಮಗುವಿಗೆ ಅದೇ ಊಟ. ಈ ಮಹಾಶಯ ಆ ಬಾಟಲಿಗಳನ್ನು ಫ್ರಿಜ್ಜಿನ ಬಾಗಿಲಿಗೆ ತಳ್ಳಿದ್ದ. ಒಳಗಿನ ತಣ್ಣನೆಯ ಜಾಗ ಅವನ ಬಿಯರಿಗೆ ಮೀಸಲು.

ಅವತ್ತು ಅವಳು ಮಧ್ಯಾಹ್ನವೇ ಮನೆಗೆ ಬಂದಳು. ಡೈರಿಯಿಂದ ಬಂದಿದ್ದ ಅವನ ಮುಂದೆ, ಒಲೆಯ ಮೇಲೆ ಅವಳ ಹಾಲು ಉಕ್ಕುತ್ತಿತ್ತು.

"ಅಯ್ಯೋ, ಕುದಿಸ್ತಿದೀರಾ?"

"ಮತ್ತೆ? ಹಸಿ ಹಾಲು ಕೊಡ್ಲಾ? ಹಾಲಿನ ವಿಷಯ ನಂಗೇ ಹೇಳ್ಕೊಡ್ತೀಯಾ?"

"ಕಾಯಿಸದೆ ಹೇಗಮ್ಮ ಕೊಡೋದು?" ಅವನ ತಾಯಿ ಮಗುವನ್ನು ತಟ್ಟುತ್ತ ಅಂದರು. "ಈಗಷ್ಟೇ ನ್ಯುಮೋನಿಯಾದಿಂದ ಎದ್ದಿದೆ ಕೂಸು."

"ಅದಕ್ಕೇ ಅತ್ತೆ. ದಿನ ತುಂಬೋ ಮೊದ್ಲೇ ಹುಟ್ಟಿದ್ದು. ರೋಗ ತಡೆಯೋ ಶಕ್ತಿ ಅದಕ್ಕೆ ಈ ಹಾಲಿಂದ್ಲೇ ಸಿಗ್ಬೇಕು. ಕುದಿಸಿದ್ರೆ ಹೊಟ್ಟೆ ತುಂಬುತ್ತೆ, ಆ ಶಕ್ತಿ ಹೆಚ್ಚುಪಾಲು ಹಾಳಾಗುತ್ತೆ ಅಂತ ಡಾಕ್ಟರ್ ಹೇಳ್ಲಿಲ್ವಾ?"

"ಇಷ್ಟೇ ಇಷ್ಟು ಹಾಲಿಗೆ ಏನು ದರ್ಬಾರು!" ಅವನು ನಕ್ಕ.

ಅವಳು ಫ್ರಿಜ್ಜಿನ ಬಾಗಿಲಿನಲ್ಲಿದ್ದ ಇನ್ನೊಂದು ಬಾಟಲಿ ತೆಗೆದು, ಅವನ ಜೇಬಿನ ಥರ್ಮಾಮೀಟರನ್ನೇ ಕಿತ್ತು ಅದರಲ್ಲಿ ಅದ್ದಿದಳು.

"ಓದಿ."

"ಹನ್ನೆರಡು."

"ಇದು ವ್ಯಾನಲ್ಲಿ ಬಂದಿದ್ರೆ?"

ನಾಲಿಗೆ ಅಭ್ಯಾಸಬಲದಿಂದ ಹೊರಳಿತು. "ಚರಂಡಿಗೆ."

"ಸುರೀರಿ ಮತ್ತೆ. ನನ್ನ ಕೈಲಾಗಲ್ಲ."

ಅವನು ಸಿಂಕಿನ ಮೇಲೆ ಬಾಟಲಿ ಬಗ್ಗಿಸಿದ. ಮಗು ಅಳತೊಡಗಿತು. ಅವಳ ಅಂಗಿಯ ಎದೆಭಾಗ ಒದ್ದೆಯಾಗುತ್ತಿತ್ತು. ಕ್ಯಾನುಗಟ್ಟಲೆ ಸುರಿಸಿದವನಿಗೆ ಈ ಅಂಗೈಯಷ್ಟು ಹಾಲು ಮುಗಿಯುವುದೇ ಇಲ್ಲವೆನಿಸಿತು. ಅವಳು ಅತ್ತೆಯ ಕೈಯಿಂದ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಎದೆಗೆ ಹಾಕಿಕೊಂಡಳು.

ಮರುದಿನ ಬಿಯರ್ ಬಾಟಲಿಗಳು ಫ್ರಿಜ್ಜಿನ ಬಾಗಿಲಿಗೆ ಬಂದಿದ್ದವು. ಅವನ ತಾಯಿ ಎಂದಿನಂತೆ ಒಲೆಯ ಮೇಲೆ ಪಾತ್ರೆ ಇಟ್ಟರು. ಅವನು ಫ್ರಿಜ್ಜಿನ ಒಳಮೂಲೆಯಿಂದ ಚಿಕ್ಕ ಬಾಟಲಿ ತೆಗೆದು ಉಗುರುಬೆಚ್ಚಗಿನ ನೀರಿನ ಬಟ್ಟಲಿನಲ್ಲಿ ನಿಲ್ಲಿಸಿದ.

"ಕುದಿಸಲ್ವೇನೋ?"

ತಡವಾಗಿ ಬಂದ ವ್ಯಾನನ್ನು ನೋಡುವ ಹಾಗೆ, ಅವನು ಮೂತಿ ಸೊಟ್ಟ ಮಾಡಿ ಆ ಪಾತ್ರೆಯನ್ನು ನೋಡಿದ.

"ಅದ್ರಲ್ಲಿ ಕಾಫಿ ಮಾಡ್ಕೊಳ್ಳಮ್ಮ."