ಗರಗಸ ತಿಂದ ಮೂರು ಮಿಲಿಮೀಟರ್

ಶಾಲೆಯಿಂದ ಬಂದ ಚೀಟಿಯನ್ನು ಅಮ್ಮ ಎರಡು ಸಲ ಓದಿ, ಮಡಚಿ, ಸಕ್ಕರೆ ಡಬ್ಬಿಯ ಕೆಳಗಿಟ್ಟಳು. ತಂಗಿ ಗಣಿತದಲ್ಲಿ ಎರಡನೇ ಸಲ ಫೇಲಾಗಿದ್ದಳು. ಕೊನೆಯ ಪರೀಕ್ಷೆಯಲ್ಲೂ ಮೂವತ್ತೈದು ಬರದಿದ್ದರೆ ಒಂಬತ್ತನೇ ತರಗತಿಯಲ್ಲೇ ಮತ್ತೆ ಕೂರಬೇಕು. ಅದಕ್ಕೆ ಉಳಿದದ್ದು ಆರು ವಾರ.

"ಟ್ಯೂಷನ್‌ಗೆ ಹಾಕೋಣ," ಅಂದಳು ಅಮ್ಮ. "ಅವರ ಮೇಷ್ಟ್ರೇ ಸಂಜೆ ಮನೇಲಿ ಹೇಳಿಕೊಡ್ತಾರಂತೆ."

"ಯಾರು, ಸೊನ್ನೆ ಮೇಷ್ಟ್ರಾ? ನನ್ನ ಹೆಣ ಬಿದ್ದ ಮೇಲೆ ಹಾಕು," ಅಂದೆ.

ಆ ಹೆಸರಿಟ್ಟವನು ನಾನೇ. ತಪ್ಪು ಉತ್ತರದ ಮೇಲೆ ಕೆಂಪು ಶಾಯಿಯಲ್ಲಿ ಪುಟದಗಲ ಸೊನ್ನೆ ಸುತ್ತುವ ಮನುಷ್ಯ. ನಾನು ಒಂಬತ್ತರಲ್ಲಿದ್ದಾಗ ನನ್ನ ಉತ್ತರಪತ್ರಿಕೆಯನ್ನು ಎತ್ತಿ ಹಿಡಿದು, "ಇದರಲ್ಲಿ ಗಣಿತ ಎಲ್ಲಿದೆ ಅಂತ ಹುಡುಕಿದವರಿಗೆ ಈ ಪೆನ್ನು ಕೊಡ್ತೀನಿ," ಅಂದಿದ್ದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆ ವರ್ಷ ಫೇಲಾದೆ. ಮುಂದಿನ ವರ್ಷ ಚಿಕ್ಕವರ ನಡುವೆ ಮೊಣಕಾಲು ಮಡಚಿಕೊಂಡು ಅರ್ಧ ದಿನ ಕೂತೆ. ಮಧ್ಯಾಹ್ನ ಎದ್ದು ಬಂದವನು ಮರಗೆಲಸದ ಶೆಡ್ಡು ಸೇರಿದೆ. ಇವತ್ತು ಬಾಗಿಲು, ಕಪಾಟು, ಮೆಟ್ಟಿಲು ಎಲ್ಲದಕ್ಕೂ ಅಳತೆ ಹಾಕಿ ಕೊಯ್ಯುವವನು ನಾನು. ಲೆಕ್ಕ ಬರದವನ ಕೈಯಲ್ಲಾಗುವ ಕೆಲಸವೇ ಅದು?

"ನಾನೇ ಹೇಳಿಕೊಡ್ತೀನಿ," ಅಂದೆ.

ಅಮ್ಮ ನನ್ನ ಮುಖ ನೋಡಿದಳು. ಬಟ್ಟೆ ಕಾರ್ಖಾನೆಯಲ್ಲಿ ಇಡೀ ದಿನ ಇಸ್ತ್ರಿ ಮೇಜಿನ ಮುಂದೆ ನಿಂತು ಬಂದವಳಿಗೆ ಜಗಳಕ್ಕೆ ತ್ರಾಣವಿರಲಿಲ್ಲ. "ಅವಳ ವರ್ಷ ಹೋದ್ರೆ ನನ್ನ ಪಕ್ಕದಲ್ಲೇ ಇನ್ನೊಂದು ಇಸ್ತ್ರಿಪೆಟ್ಟಿಗೆ ಹಿಡೀಬೇಕಾಗತ್ತೆ. ನೆನಪಿರಲಿ."

"ಅಣ್ಣ, ನಿನ್ನ ಫೀಸು ಎಷ್ಟು?" ಅಂದಳು ತಂಗಿ.

"ಬಾಯಿ ಮುಚ್ಕೊಂಡು ಕೂರೋದೇ ಫೀಸು, ಪಿಟೀಲು."

"ಅಯ್ಯೋ, ಭಾರೀ ದುಬಾರಿ ಆಯ್ತು."

ಹುಟ್ಟಿದಾಗಿನಿಂದ ಕುಂಯ್ ಕುಂಯ್ ಅನ್ನುತ್ತಿದ್ದವಳು, ಅದಕ್ಕೇ ಪಿಟೀಲು.

ಶಾಲೆ ಬಿಟ್ಟ ಮೇಲೆ ಅವಳು ನೇರ ಶೆಡ್ಡಿಗೆ ಬರುತ್ತಿದ್ದಳು. ಹೊಟ್ಟಿನ ಮೂಟೆಯ ಮೇಲೆ ಕೂರಿಸಿ, ತುಂಡು ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಲೆಕ್ಕ ಬರೆಸುತ್ತಿದ್ದೆ. ಎಕ್ಸ್ ಅಂದರೆ ಏನೆಂದು ಹೆದರುತ್ತಿದ್ದವಳಿಗೆ ಎರಡು ಮರದ ತುಂಡು ಕೊಟ್ಟೆ. "ಇನ್ನೂ ಅಳೆಯದ ತುಂಡೇ ಎಕ್ಸ್. ಅಷ್ಟೇ ಕಣೇ, ದೆವ್ವ ಅಲ್ಲ." ಮೂರನೇ ವಾರದ ಹೊತ್ತಿಗೆ ನನಗಿಂತ ಚುರುಕಾಗಿ ಬಿಡಿಸತೊಡಗಿದಳು.

ಶೆಡ್ಡಿನ ಯಜಮಾನರು ಪ್ರತಿ ಹಲಗೆಗೂ ಕೇಳುವ ಮಾತೊಂದಿತ್ತು: "ಅಲಗಿನ ದಪ್ಪ ಬಿಟ್ಟೆಯೇನೋ?" ಗರಗಸದ ಅಲಗು ಹಾದಲ್ಲೆಲ್ಲ ಮೂರು ಮಿಲಿಮೀಟರ್ ಮರ ಪುಡಿಯಾಗಿ ಹೋಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದು ಜಾಗ ಬಿಡದಿದ್ದರೆ ಕೊನೆಯ ತುಂಡು ಗಿಡ್ಡವಾಗುತ್ತದೆ. ನಾನೂ ತಂಗಿಗೆ ಅದನ್ನೇ ಹೇಳಿದೆ. ಹೇಳಿದ್ದಲ್ಲ, ಕೊಚ್ಚಿಕೊಂಡೆ. "ನಿಮ್ಮ ಮೇಷ್ಟ್ರಿಗೆ ಇದು ಗೊತ್ತಾ ಕೇಳು. ಅಲಗು ಬಿಡದವನ ಲೆಕ್ಕ ಲೆಕ್ಕವೇ ಅಲ್ಲ."

ಪರೀಕ್ಷೆ ಮುಗಿಸಿ ಬಂದವಳು ಕುಣಿಯುತ್ತಿದ್ದಳು. "ಹಲಗೆ ಲೆಕ್ಕಾನೇ ಬಂದಿತ್ತು ಅಣ್ಣ! ಐದು ಅಂಕದ್ದು!"

ಫಲಿತಾಂಶದ ದಿನ ಉತ್ತರಪತ್ರಿಕೆ ತಂದು ನನ್ನ ಮುಂದಿಟ್ಟು, ಗೋಡೆಗೊರಗಿ ಕೂತಳು. ಮೂವತ್ತೊಂದು.

ಪ್ರಶ್ನೆ ಇದು: ಇನ್ನೂರ ನಲವತ್ತು ಸೆಂಟಿಮೀಟರ್ ಹಲಗೆಯನ್ನು ಎರಡು ತುಂಡು ಮಾಡಿದ್ದಾರೆ, ಒಂದು ಇನ್ನೊಂದರ ಎರಡರಷ್ಟು, ಉದ್ದ ಎಷ್ಟೆಷ್ಟು? ಸರಿಯುತ್ತರ ಎಂಬತ್ತು, ನೂರ ಅರವತ್ತು. ನನ್ನ ತಂಗಿ ಬರೆದದ್ದು 79.9, 159.8. ಕೆಳಗೆ ಮುತ್ತಿನಂಥ ಅಕ್ಷರದಲ್ಲಿ: ಗರಗಸ ತಿಂದದ್ದು 0.3. ಅದರ ಮೇಲೆ ಕೆಂಪು ಸೊನ್ನೆ, ಪುಟದಗಲ.

"ಎಂಬತ್ತು ಅಂತ ಗೊತ್ತಿತ್ತಾ ನಿನಗೆ?"

"ಮೊದಲು ಅದನ್ನೇ ಬರೆದಿದ್ದೆ. ಆಮೇಲೆ ನೀನು ಹೇಳಿದ್ದು ನೆನಪಾಗಿ ಹೊಡೆದು ಹಾಕಿದೆ."

ಆ ಸಂಜೆಯೇ ಮೇಷ್ಟ್ರ ಮನೆಗೆ ಹೋದೆ. ಕಾಲರ್ ಹಿಡಿಯುವಷ್ಟು ಸಿಟ್ಟಿತ್ತು. ಜಗುಲಿ ತುಂಬ ಮಕ್ಕಳು. ಮೇಷ್ಟ್ರ ತಲೆ ಬೆಳ್ಳಗಾಗಿತ್ತು. ನನ್ನ ಗುರುತೇ ಅವರಿಗೆ ಸಿಗಲಿಲ್ಲ. ಅಷ್ಟು ವರ್ಷ ನಾನು ಹೊತ್ತು ತಿರುಗಿದ್ದು ಅವರಲ್ಲಿ ಒಂದು ದಿನವೂ ಉಳಿದಿರಲಿಲ್ಲ. ಉತ್ತರಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು.

"ಸಮೀಕರಣ ಚೆನ್ನಾಗಿ ಬಿಡಿಸಿದ್ದಾಳೆ. ಆದರೆ ಪ್ರಶ್ನೆಯಲ್ಲಿ ಇಲ್ಲದ್ದನ್ನ ಸೇರಿಸಿದ್ದಾಳಲ್ಲಪ್ಪ. ಯಾರು ಹೇಳಿಕೊಟ್ಟದ್ದು ಅಂತ ಕೇಳಿದೆ. ಯಾರೂ ಇಲ್ಲ ಸಾರ್, ನಾನೇ ಅಂದಳು."

"ಅಂಕ ತಿದ್ದೋಕಾಗಲ್ವಾ ಸಾರ್?" ಸೊನ್ನೆ ಮೇಷ್ಟ್ರು ಅನ್ನುತ್ತಿದ್ದ ಬಾಯಲ್ಲಿ ಸಾರ್ ಬಂದದ್ದು ನನಗೇ ಕೇಳಿಸಿತು.

"ಅಂಕಗಳ ಪಟ್ಟಿ ಹೋಗಿ ಆಯ್ತು. ಇನ್ನೊಂದು ವರ್ಷ ಕೂರಲಿ. ಇಲ್ಲಿಗೆ ಕಳಿಸಿ, ಬುದ್ಧಿವಂತೆ. ಮೊದಲೇ ಕಳಿಸಿದ್ದರೆ ಒಂದೇ ದಿನದಲ್ಲಿ ಈ ಅಭ್ಯಾಸ ಬಿಡಿಸ್ತಿದ್ದೆ."

ಅವರು ನನಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು, "ಟ್ಯೂಷನ್‌ಗೆ ಹಾಕೋಣಮ್ಮ, ಇನ್ನೊಂದು ವರ್ಷ ಓದಲಿ," ಅಂದೆ. ಅಮ್ಮ ತಂಗಿಯ ಕಡೆ ನೋಡಿದಳು.

"ನಾನು ಚಿಕ್ಕೋರ ಜೊತೆ ಕೂರಲ್ಲ," ಅಂದಳು ತಂಗಿ.

"ಒಂದೇ ವರ್ಷ ಕಣೇ ಪಿಟೀಲು. ಕೂತ್ಕೋ."

"ನೀನು ಕೂತ್ಯಾ?"

ತಮಾಷೆಯ ದನಿ ಅಲ್ಲ. ನಾನು ಕೈಯಲ್ಲಿದ್ದ ಉತ್ತರಪತ್ರಿಕೆಯನ್ನು ಮಡಚುತ್ತಾ ಹೋದೆ, ಇನ್ನು ಮಡಚಲಾಗದಷ್ಟು ಚಿಕ್ಕದಾಗುವವರೆಗೆ.

ಸೋಮವಾರ ಅಮ್ಮ ಎರಡು ಬುತ್ತಿ ಕಟ್ಟಿದಳು. ಇಬ್ಬರೂ ಕಾರ್ಖಾನೆಯ ಕಡೆ ನಡೆದರು. ತಂಗಿ ಅಮ್ಮನಿಗಿಂತ ಎರಡು ಹೆಜ್ಜೆ ಹಿಂದೆ. ತಿರುವಿನವರೆಗೂ ತಿರುಗಿ ನೋಡಲಿಲ್ಲ.

ನಾನು ಶೆಡ್ಡಿಗೆ ಹೋಗಿ ಹಲಗೆ ಎತ್ತಿಟ್ಟು ಗೆರೆ ಎಳೆದೆ. ಯಜಮಾನರು ಒಳಗಿನಿಂದಲೇ ಕೂಗಿದರು: "ಅಲಗಿನ ದಪ್ಪ ಬಿಟ್ಟೆಯೇನೋ?"

"ಬಿಟ್ಟೆ," ಅಂದು ಯಂತ್ರ ಚಾಲೂ ಮಾಡಿದೆ.